ಗೊಗ್ಗ ಬಿಟ್ಟುಹೋದ ಉಸಿರು

"ಆ ಗಾಜಿನ ಕೋಣೆಗೆ ಹೋಗ್ಬೇಡ ಮಗಳೇ. ಹೋದ್ರೂ ಬಾಯಿ ತೆಗೀಬೇಡ."

ಸ್ಟುಡಿಯೋದ ಮೆಟ್ಟಿಲ ಬಳಿ ದಾರಿಗೆ ಅಡ್ಡ ನಿಂತು ಹೀಗೆಂದ ಮುದುಕಿಯನ್ನು ಕಂಚು ಮೇಲಿಂದ ಕೆಳಗೆ ನೋಡಿದಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿದ ಕಪ್ಪು ಚುಕ್ಕೆಗಳು. ಕುತ್ತಿಗೆಗೆ ಜೋತುಬಿದ್ದ ಅಳತೆಯ ಟೇಪನ್ನು ತೆಗೆಯಲು ಮರೆತಿದ್ದಳು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ನೇರ ಬಂದಂತಿತ್ತು.

"ಹಾಡಕ್ಕೆ ಬಂದೋಳು ಬಾಯಿ ತೆಗೀದೆ ಮೂಗಲ್ಲಿ ಹಾಡ್ಲಾ ಅಮ್ಮ?"

"ಅಲ್ಲಿ ನನ್ನ ಮಗನ ಉಸಿರಿದೆ. ಅದನ್ನ ಯಾರು ತಮ್ಮದು ಅಂತಾರೋ ಅವರ ಉಸಿರು ಅವನ ಹಿಂದೆ ಹೋಗುತ್ತೆ. ಕಟ್ಟಿದೋಳು ನಾನೇ. ನಿನ್ನ ಮೇಲೆ ನಂಗೆ ಹಗೆ ಇಲ್ಲ, ಅದಕ್ಕೇ ಹೇಳ್ತಿದೀನಿ."

ಕಂಚು ಗಹಗಹಿಸಿ ನಕ್ಕಳು. "ಅಷ್ಟು ಚೆನ್ನಾಗಿ ಮಾಟ ಬರೋದಾದ್ರೆ ನಮ್ಮ ಮನೆ ಮಾಲೀಕನಿಗೆ ಒಂದು ಮಾಡಮ್ಮ, ನಿನಗೆ ಪುಣ್ಯ ಬರುತ್ತೆ" ಎಂದು ಅವಳನ್ನು ಬಳಸಿಕೊಂಡು ಮೆಟ್ಟಿಲು ಹತ್ತಿದಳು.

ನಗದೆ ಏನು ಮಾಡಿಯಾಳು? ಕಂಚಿನ ಕಂಠದವಳೆಂದು ಕಂಚು ಎಂಬ ಅಡ್ಡಹೆಸರು ಬಿದ್ದು ವರ್ಷಗಳೇ ಕಳೆದಿದ್ದವು, ಆದರೆ ಆ ಕಂಠಕ್ಕೆ ಸಿಕ್ಕಿದ್ದು ಹೋಟೆಲುಗಳ ಮೂಲೆಯ ವೇದಿಕೆ ಮಾತ್ರ. ಜನ ತಟ್ಟೆ ಚಮಚ ಸದ್ದು ಮಾಡುತ್ತ ಉಣ್ಣುವಾಗ ಬೇರೆಯವರ ಹಾಡನ್ನು ಹಾಡಿ ಹಾಡಿ ಮೂವತ್ತು ದಾಟಿತ್ತು. ಈಗ ಮೊದಲ ಸಲ ಒಂದು ರಾಕ್ ಬ್ಯಾಂಡು ಇಡೀ ಆಲ್ಬಮ್ಮನ್ನೇ ಅವಳ ದನಿಯಲ್ಲಿ ತರಲು ಕರೆದಿತ್ತು. ಇದು ತಪ್ಪಿದರೆ ಇನ್ನೊಂದು ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬಂತೆ ಬಾಗಿಲಲ್ಲೇ ಒಬ್ಬಳು ಅಡ್ಡ ನಿಂತರೆ ಯಾರು ಕೇಳುತ್ತಾರೆ?

ಬ್ಯಾಂಡಿನ ಯಜಮಾನ ಗಿಟಾರಿನವನು. ಎಲ್ಲರೂ ಅವನನ್ನು ದೊರೆ ಎನ್ನುತ್ತಿದ್ದರು, ಅವನೂ ಹಾಗೇ ನಡೆದುಕೊಳ್ಳುತ್ತಿದ್ದ. ಮುದುಕಿಯ ಮಗ ಅವರ ಹಳೆಯ ಹಾಡುಗಾರ. ಗೊಗ್ಗರು ದನಿಯವನಾದ್ದರಿಂದ ಗೊಗ್ಗ. ಆಲ್ಬಮ್ಮು ಮುಗಿಯುವ ಹೊತ್ತಿಗೆ ಎದೆಯ ಕಾಯಿಲೆಯಿಂದ ಸತ್ತ ಎಂದಷ್ಟೇ ಕಂಚುವಿಗೆ ಹೇಳಿದ್ದರು. ಸತ್ತವನು ವೇದಿಕೆಗೆ ಬರಲಾರ, ಆದ್ದರಿಂದ ಅವನ ದನಿ ಅಳಿಸಿ ಇವಳ ದನಿ ಕೂರಿಸಬೇಕಿತ್ತು.

ಗಾಜಿನ ಕೋಣೆ ಹಗಲಲ್ಲೂ ಕತ್ತಲೆ. ಕಿಟಕಿಯಿಲ್ಲ. ಗೋಡೆಗೆಲ್ಲ ಬೂದು ಸ್ಪಂಜು, ಬೆನ್ನ ಹಿಂದೆ ನೆಲಕ್ಕೆ ತಾಗುವ ದಪ್ಪ ಕಪ್ಪು ಪರದೆ. ಹಿಡಿ ಗಡಗಡ ಎಂದು ರೆಕಾರ್ಡಿಂಗ್ ಕೆಡಿಸುತ್ತದೆಂದು ಬಾಗಿಲಿನ ಒಳಗಿನ ಹಿಡಿಯನ್ನು ಎಂದೋ ಬಿಚ್ಚಿಹಾಕಿದ್ದರು, ತೆಗೆಯುವುದೇನಿದ್ದರೂ ಹೊರಗಿನಿಂದ. ಒಳಗೆ ಔಷಧಿಯ ವಾಸನೆ, ಹಳೆಯ ಬೆವರಿನ ವಾಸನೆ, ಅದರ ಅಡಿಯಲ್ಲೆಲ್ಲೋ ಸುಟ್ಟ ಕೂದಲಿನದು. ಬಾಗಿಲು ಮುಚ್ಚಿದೊಡನೆ ಲೋಕದ ಸದ್ದೆಲ್ಲ ನಿಂತು ಅವಳ ಕಿವಿಗೆ ಅವಳದೇ ರಕ್ತ ಹರಿಯುವುದು ಕೇಳಿಸಿತು.

ಕೆಲಸ ನಡೆಯುತ್ತಿದ್ದುದು ಸಾಲು ಸಾಲಾಗಿ. ಹೆಡ್‌ಫೋನಿನಲ್ಲಿ ಮೊದಲು ಗೊಗ್ಗ ಒಂದು ಸಾಲು ಹಾಡುತ್ತಾನೆ, ಅದನ್ನು ಕೇಳಿ ಇವಳು ಹಾಡುತ್ತಾಳೆ, ಗಾಜಿನ ಆಚೆ ಕೂತ ರೆಕಾರ್ಡಿಂಗಿನವನು ಅವನ ಸಾಲನ್ನು ಕತ್ತರಿಸಿ ಇವಳದನ್ನು ಅಂಟಿಸುತ್ತಾನೆ. ಸೂಜಿ ಬಿದ್ದರೂ ಕೇಳುವ ಅವನಿಗೆ ಕಿವಿಯಣ್ಣ ಎಂದು ಹೆಸರು. ಮೊದಲ ಹಾಡು ಮುಗಿದಾಗ ಅವನು ಮುಖ ಸಿಂಡರಿಸಿದ.

"ಹಾಡು ಟೊಳ್ಳಾಗಿದೆ. ಗೊಗ್ಗ ಪ್ರತಿ ಸಾಲಿಗೂ ಮೊದಲು ಜೋರಾಗಿ ಉಸಿರು ಎಳ್ಕೊಳ್ತಿದ್ದ. ಡ್ರಮ್ಮಿನೋನು ಬಾರಿಸಿರೋದೇ ಆ ಉಸಿರು ಕೇಳಿ. ನಿನ್ನ ಉಸಿರು ಅಲ್ಲಿಗೆ ಕೂರ್ತಿಲ್ಲ."

"ಹಾಗಾದ್ರೆ ಮಾತು ಅಳಿಸು, ಉಸಿರು ಬಿಡು" ಎಂದ ದೊರೆ.

ಕಿವಿಯಣ್ಣ ಕೈ ಆಡಿಸಲಿಲ್ಲ. "ಅವರಮ್ಮ ಏನೋ ಹೇಳ್ತಿದ್ರು..."

ಕಂಚುವಿಗೆ ತಮಾಷೆ ಉಕ್ಕಿತು. ಮೈಕಿಗೆ ಬಾಯಿಟ್ಟು, "ಇರ್ಲಿ ಬಿಡೋ ಅಣ್ಣ. ಬಿಟ್ಟಿ ಸಿಕ್ಕಿದ್ದು ಯಾಕೆ ಬಿಡ್ಬೇಕು? ಇವತ್ತಿಂದ ಗೊಗ್ಗನ ಉಸಿರು ನಂದು, ನಂದೇ!" ಎಂದಳು.

ಗಾಳಿ ಬರಲು ಸಂದಿಯೇ ಇಲ್ಲದ ಕೋಣೆಯಲ್ಲಿ ಬೆನ್ನ ಹಿಂದಿನ ಪರದೆ ಒಮ್ಮೆ ಒಳಕ್ಕೆ ಎಳೆದುಕೊಂಡು ಮತ್ತೆ ಸಡಿಲಾಯಿತು. ಎ.ಸಿ. ಇರಬೇಕು ಎಂದುಕೊಂಡಳು.

ಎರಡನೆಯ ಹಾಡಿನಲ್ಲಿ ಉದ್ದನೆಯ ಸಾಲುಗಳ ತುದಿ ಕೈಕೊಡತೊಡಗಿತು. ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ ಮೈಕನ್ನು ಬೈದಳು, ಧೂಳನ್ನು ಬೈದಳು. ನಾಲ್ಕನೆಯ ಹಾಡಿನ ಹೊತ್ತಿಗೆ ಮನೆಯಲ್ಲಿ ಬಿಸಿ ಚಹಾ ಊದಿ ಆರಿಸಲು ಆಗಲಿಲ್ಲ. ತುಟಿ ಮುಂದೆ ಬಂತು, ಗಾಳಿ ಬರಲಿಲ್ಲ. ಜೊತೆಗಿದ್ದ ತಂಗಿ ಗಾಬರಿಯಾಗಿ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು, "ಕನ್ನಡಿಯ ಹಾಗಿದೆ, ಏನೂ ಇಲ್ಲ" ಎಂದರು.

ಏನೂ ಇಲ್ಲದಿದ್ದರೆ ಸ್ಟುಡಿಯೋದ ಮೆಟ್ಟಿಲಲ್ಲಿ ಎರಡು ಕಡೆ ಕೂರಬೇಕಾಗುತ್ತಿರಲಿಲ್ಲ. ಹಾಗೆ ಕೂತು ಏದುಸಿರು ಬಿಡುವಾಗ ಒಮ್ಮೆ ಎದುರಿನ ಓಣಿಯಲ್ಲಿ ಮುದುಕಿ ನಿಂತು ನೋಡುತ್ತಿರುವುದು ಕಂಡಿತು. ಕಂಚು ತಲೆ ಎತ್ತಿದೊಡನೆ ಅವಳು ಮುಖ ತಿರುಗಿಸಿಕೊಂಡಳು.

ಕೋಣೆಯೊಳಗೆ ಇನ್ನೂ ಕಷ್ಟ. ಹೆಡ್‌ಫೋನು ಹಾಕಿಕೊಂಡರೆ ಹಾಡು ಶುರುವಾಗುವ ಮೊದಲೇ ಉಸಿರು ಕೇಳುತ್ತಿತ್ತು. ಎಳೆಯುವುದು ಮಾತ್ರ, ಬಿಡುವುದಿಲ್ಲ. ಒಂದರ ಮೇಲೊಂದು ಎಳೆಯುತ್ತಲೇ ಇರುತ್ತಿತ್ತು. ಪ್ರತಿ ಸಲ ಅದು ಎಳೆದಾಗ ಅವಳ ಎದೆ ಒಂದಿಷ್ಟು ಒಳಗೆ ಹೋಗುತ್ತಿತ್ತು. ಕಿವಿಯ ಪಕ್ಕದ ಕೂದಲು ಬೆಚ್ಚಗೆ ಅಲುಗುತ್ತಿತ್ತು. ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಬೇರೆ ಯಾರೂ ಇಲ್ಲದಾಗ ಕಿವಿಯಣ್ಣನ ಕೈ ಹಿಡಿದುಕೊಂಡಳು. "ಆ ಉಸಿರೆಲ್ಲ ಅಳಿಸಿಬಿಡೋ ಅಣ್ಣ. ನಾನು ಸತ್ತುಹೋಗ್ತೀನಿ."

"ಎಂದೋ ಅಳಿಸಿ ನೋಡಿದೆ ಕಣಮ್ಮ. ಅಳಿಸಿದ್ದು ಮಾರನೇ ದಿನ ಇದ್ದಲ್ಲೇ ಇರುತ್ತೆ." ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಗೊಗ್ಗ ಸತ್ತದ್ದು ಆಸ್ಪತ್ರೇಲಲ್ಲ. ಈ ಕೋಣೇಲಿ. ಕೆಮ್ಮಿ ಕೆಮ್ಮಿ ಬಾಗಿಲು ಬಡೀತಿದ್ದ. ದೊರೆ ಹಿಡಿ ಹಿಡ್ಕೊಂಡು ನಿಂತು ಇನ್ನೊಂದು ಸಲ, ಇನ್ನೊಂದು ಸಲ ಅಂತಿದ್ದ. ಆ ಒದ್ದಾಟದ ದನಿ ಹಾಡಿಗೆ ಒಪ್ಪುತ್ತೆ ಅಂತ. ನಾನೂ ಸುಮ್ನೆ ಕೂತಿದ್ದೆ."

"ಆಮೇಲೆ?"

"ಹಾಡು ಬರೆದೋನು ಗೊಗ್ಗ. ಅದನ್ನೂ ದೊರೆ ತನ್ನ ಹೆಸರಿಗೆ ಹಾಕ್ಕೊಂಡ. ತಾನೇ ಹಾಡ್ತೀನಿ ಅಂತ ಒಳಗೂ ಹೋಗಿದ್ದ. ಒಂದು ಸಾಲಿಗೇ ನೀಲಿಗೆ ತಿರುಗಿದ, ಎತ್ಕೊಂಡು ಬಂದ್ವಿ. ಅದಾದ್ಮೇಲೆ ಈ ಕೋಣೆ ಹೊಸಿಲು ತುಳಿದಿಲ್ಲ. ಗೊತ್ತಿದ್ದೇ ನಿನ್ನ ಕರೆಸಿದ್ದು."

ಹರಕೆಯ ಕುರಿ! ಕಂಚುವಿಗೆ ಮೈಯೆಲ್ಲ ಉರಿದುಹೋಯಿತು. ಮೊದಲ ದಿನ ಅವನು "ನಿನ್ನಂಥ ಕಂಠ ಇನ್ನೊಂದಿಲ್ಲ" ಎಂದಾಗ ಹಿರಿಹಿರಿ ಹಿಗ್ಗಿದ್ದು ನೆನಪಾಗಿ ತನ್ನ ಮೇಲೂ ಅಸಹ್ಯ ಬಂತು. ಅಳು ಬರಲಿಲ್ಲ. ಅಳುವುದಕ್ಕೂ ಉಸಿರು ಬೇಕು. ಅವಳು ಹಲ್ಲು ಕಚ್ಚಿಕೊಂಡು ಕೂತು ಯೋಚಿಸಿದಳು. ಬಿಟ್ಟುಹೋಗುವುದಾ? ಹೋದರೆ ಹೋದ ಉಸಿರು ಬರುತ್ತದಾ? ಅವನು ಮಾತ್ರ ಇನ್ನೊಬ್ಬಳನ್ನು ಕರೆಸಿ ನಗುತ್ತ ಗಿಟಾರು ಮೀಟುತ್ತಾನೆ. ಇಲ್ಲ. ಅವನು ಉಣ್ಣಬೇಕಾದದ್ದನ್ನು ಅವನೇ ಉಣ್ಣಲಿ.

ಆಲ್ಬಮ್ ತರುವ ಕಂಪನಿಯ ಮೇಡಂ ಹಾಡು ಕೇಳಲು ಬಂದ ದಿನ ಕಂಚು ಬೇಗನೆ ಹೋದಳು. ಅಂದು ಮೆಟ್ಟಿಲು ಹತ್ತುವಾಗ ಎದೆ ಅಷ್ಟಾಗಿ ಕಟ್ಟಲಿಲ್ಲ. ಸಿಟ್ಟು ನೆತ್ತಿಗೇರಿದರೆ ನೋವು ತಿಳಿಯುವುದಿಲ್ಲ ಎಂದುಕೊಂಡಳು. ಮುಗಿದ ಹಾಡುಗಳನ್ನೆಲ್ಲ ಕೇಳಿ ಮೇಡಂ ತಲೆದೂಗಿದರು. ಹಾಡಲು ಉಳಿದಿದ್ದುದು ಕೊನೆಯದೊಂದು.

"ಅದನ್ನ ದೊರೆ ಹಾಡಿದ್ರೇ ಚಂದ ಮೇಡಂ" ಎಂದಳು ಕಂಚು, ಬೆಣ್ಣೆಯಲ್ಲಿ ಕೂದಲು ತೆಗೆದಂತೆ. "ಬರೆದೋರು ಅವರೇ. ಅವರ ಬಾಯಲ್ಲಿ ಕೇಳ್ಬೇಕು ನೀವು."

"ಹೌದಾ? ಹಾಗಾದ್ರೆ ಈಗ್ಲೇ ಆಗ್ಲಿ!" ಮೇಡಂ ಕುರ್ಚಿ ಮುಂದೆಳೆದುಕೊಂಡರು.

ದೊರೆಯ ಮುಖ ಬಿಳಿಚಿತು. ಆದರೆ ಮುದುಕಿಯೊಬ್ಬಳ ಮಾಟಕ್ಕೆ ಹೆದರುತ್ತೇನೆಂದು ಮೇಡಂ ಮುಂದೆ ಹೇಳಿಯಾನೇ? ಜುಟ್ಟು ಹಿಂದಕ್ಕೆ ತಳ್ಳಿಕೊಂಡು, ನಕ್ಕ ಹಾಗೆ ಮಾಡಿ ಒಳಗೆ ಹೋದ. ಕಂಚು ತಾನೇ ಬಾಗಿಲು ಮುಚ್ಚಿದಳು. ಕಿವಿಯಣ್ಣನ ಪಕ್ಕ ಬಾಗಿ, ಒಳಗಿನವರೊಡನೆ ಮಾತಾಡುವ ಮೈಕಿನ ಗುಂಡಿ ಒತ್ತಿದಳು.

"ಈ ಹಾಡು ಯಾರದು ದೊರೆ?"

"ನಂದು." ಸ್ಪೀಕರಿನಲ್ಲಿ ಅವನ ದನಿ ಒಣಗಿತ್ತು.

"ಉಸಿರು?"

ಗಾಜಿನ ಆಚೆ ಅವನ ಕಣ್ಣು ಅವಳನ್ನೇ ನೋಡಿತು. ಪಕ್ಕದಲ್ಲಿ ಮೇಡಂ ನಗುತ್ತಿದ್ದರು. "ಎಲ್ಲಾ... ಎಲ್ಲಾ ನಂದೇ."

"ಹಾಗಾದ್ರೆ ತಗೋ. ಪೂರ್ತಿ ತಗೋ. ಒಂದು ಗುಟುಕೂ ಹೊರಗೆ ಬರದಿರ್ಲಿ."

ಹೊಕ್ಕುಳಿನಿಂದ ಬಂದ ಮಾತು ಅದು. ಹೇಳಿ ಮುಗಿಸಿದಾಗ ಅವಳ ನಾಲಿಗೆ ಸುಟ್ಟ ಹಾಗೆ ಉರಿಯಿತು.

ಕಿವಿಯಣ್ಣ ಹಾಡು ಹಚ್ಚಿದ. ಉಸಿರು ಬಂತು. ಎಳೆಯಿತು. ದೊರೆ ಬಾಯಿ ತೆರೆದ. ಮೊದಲ ಮಾತು ಹೊರಟಿತು. ಎರಡನೆಯದು ಹೊರಡಲಿಲ್ಲ. ಅವನ ಎದೆ ಏರಿತು. ಇಳಿಯಲಿಲ್ಲ. ಮತ್ತೆ ಏರಿತು. ಅಂಗಿಯ ಗುಂಡಿ ಕಿತ್ತು ಗಾಜಿಗೆ ಬಡಿಯಿತು. ಕುತ್ತಿಗೆಯ ನರ ಉಬ್ಬಿತು. ಕಣ್ಣು ಉಬ್ಬಿತು. ಅವನು ಎಳೆಯುತ್ತಲೇ ಇದ್ದ. ಬಿಡಲು ಆಗುತ್ತಿರಲಿಲ್ಲ. ಬಾಗಿಲಿಗೆ ಬಂದ. ಬಡಿದ. ಸ್ಪಂಜು ಸದ್ದನ್ನೆಲ್ಲ ನುಂಗಿತು. ಹಿಡಿಯಿದ್ದ ಜಾಗವನ್ನು ಉಗುರಿನಿಂದ ಕೆರೆದ.

"ಎಂಥಾ ಅಭಿನಯ!" ಎಂದು ಮೇಡಂ ಚಪ್ಪಾಳೆ ತಟ್ಟಿದರು.

ಕಿವಿಯಣ್ಣ ಕುರ್ಚಿ ಕೆಡವಿ ಎದ್ದ. ಕಂಚು ಅಷ್ಟರಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. "ಇನ್ನೊಂದು ಸಲ" ಎಂದಳು. ಬೆನ್ನಿಗೆ ಬಾಗಿಲ ನಡುಕ ತಾಗುತ್ತಿತ್ತು. ತಾಗಿತು. ತಾಗಿತು. ಆಮೇಲೆ ನಿಂತಿತು. ಆಗ ಅವಳ ಎದೆಯೊಳಕ್ಕೆ ಗಾಳಿ ನುಗ್ಗಿತು. ತುಂಬಿದ, ತಂಪಾದ ಗಾಳಿ. ಅವಳಿಗೆ ಸಂತೋಷವಾಯಿತು. ಸುಳ್ಳು ಯಾಕೆ, ಕುಣಿಯುವಷ್ಟು ಸಂತೋಷವಾಯಿತು.

ಹೃದಯಾಘಾತ ಎಂದರು ಡಾಕ್ಟರು.

ಕೆಲವು ದಿನ ಬಿಟ್ಟು ಕಂಚು ಮುದುಕಿಯ ಮನೆ ಹುಡುಕಿಕೊಂಡು ಹೋದಳು. ಹೊಲಿಗೆ ಯಂತ್ರವೊಂದು ಬಿಟ್ಟರೆ ಕಾಲಿಡಲು ಜಾಗವಿಲ್ಲದ ಕೋಣೆ, ಎಲ್ಲೆಲ್ಲೂ ಬಟ್ಟೆಯ ಚೂರು.

"ನಿನ್ನ ಮಾಟ ಗುರಿ ಮುಟ್ಟಿತು ಅಮ್ಮ. ನಿನ್ನ ಮಗನಿಗೆ ನ್ಯಾಯ ಸಿಕ್ತು."

ಮುದುಕಿಯ ಕೈಯಿಂದ ಕತ್ತರಿ ಜಾರಿತು. ಅವಳು ಎದ್ದು ಒಂದು ಡಬ್ಬಿ ತಂದಳು. ಒಳಗೆ ಬಿಚ್ಚಿದ ಕಪ್ಪು ದಾರ, ಅರ್ಧ ಸುಟ್ಟ ಒಂದು ಹಿಡಿ ಕೂದಲು.

"ಆ ಪರದೆ ಹೊಲಿದು ಕೊಟ್ಟೋಳು ನಾನೇ. ಮಗ ಸತ್ತ ಮೇಲೆ ಅದರ ಅಂಚಲ್ಲಿ ಅವನ ಈ ಕೂದಲನ್ನ ಇಟ್ಟು ಹೊಲಿದಿದ್ದೆ. ನೀನು ಮೆಟ್ಟಿಲಲ್ಲಿ ಕೂತು ಒದ್ದಾಡೋದು ನೋಡಕ್ಕಾಗ್ಲಿಲ್ಲ. ಆ ಕಂಪನಿಯೋರು ಬಂದ್ರಲ್ಲ, ಅದರ ಹಿಂದಿನ ದಿನವೇ ಒಗೆದು ಕೊಡ್ತೀನಿ ಅಂತ ಪರದೆ ಇಳಿಸ್ಕೊಂಡು ಬಿಚ್ಚಿಬಿಟ್ಟೆ. ನಿನ್ನ ಉಸಿರು ನಿನಗೆ ಬಿಟ್ಟೆ."

"ಮತ್ತೆ ದೊರೆ...?"

"ಅದು ನಂದಲ್ಲ ಮಗಳೇ." ಮುದುಕಿ ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿದಳು. ಅವಳ ಕಣ್ಣಲ್ಲಿ ಹೆದರಿಕೆಯಿತ್ತು. "ನೀನು ಏನು ಹೇಳಿದೆ? ಎಷ್ಟು ಹಗೆ ಇಟ್ಟು ಹೇಳಿದೆ?"

ಮುದುಕಿ ಮೂಲೆಯಲ್ಲಿದ್ದ ಹಳೆಯ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದಳು. ಗೊಗ್ಗರು ದನಿಯೊಂದು ಮೆಲ್ಲಗೆ ಹಾಡತೊಡಗಿತು, ಗಿಟಾರಿಲ್ಲದೆ, ಡ್ರಮ್ಮಿಲ್ಲದೆ.

"ಹಾಡ್ತಿದಾನಾ?" ಮುದುಕಿ ಕೇಳಿದಳು.

"ಹೂಂ... ಯಾಕಮ್ಮ, ಕೇಳ್ತಿಲ್ವಾ?"

"ನೀನಾಡೋ ಮಾತು ಕೇಳುತ್ತೆ, ಬೀದಿ ಕೇಳುತ್ತೆ. ಅವನ ದನಿ ಮಾತ್ರ ಕೇಳಲ್ಲ. ಮಾಟ ಕಟ್ಟಿದ ದಿನದಿಂದ ಹೀಗೇ. ಕಟ್ಟೋರು ಏನಾದ್ರೂ ಕೊಡ್ಲೇಬೇಕು, ಅದು ಕೇಳಿ ತಗೊಳಲ್ಲ. ಬಿಚ್ಚಿದ್ರೂ ವಾಪಸು ಬರಲ್ಲ. ನಿನ್ನಿಂದ ಏನು ತಗೊಂಡಿದೆಯೋ ನೋಡ್ಕೋ, ಹೋಗು."

ಕಂಚು ಓಣಿಗೆ ಬಂದಳು. ಕೈ ಇತ್ತು, ಕಾಲಿತ್ತು, ಎದೆ ತುಂಬ ಉಸಿರಿತ್ತು. ಮುದುಕಿಗೆ ಅರಳುಮರಳು ಎಂದುಕೊಂಡು, ಧೈರ್ಯಕ್ಕೆಂದು ನಡೆಯುತ್ತಲೇ, ದೊರೆ ಸತ್ತ ಮೇಲೆ ಮೊದಲ ಸಲ, ಒಂದು ಸಾಲು ಹಾಡಿದಳು. ಗಂಟಲು ನಡುಗಿತು. ಎದೆ ನಡುಗಿತು. ಹೋಗುತ್ತಿದ್ದವರು ತಿರುಗಿ ನೋಡಿ ಮೆಚ್ಚಿದರು. ಅವಳ ಕಿವಿಗೆ ತನ್ನ ಹಾಡು ಮಾತ್ರ ಬೀಳಲಿಲ್ಲ. ಮತ್ತೆ ಹಾಡಿದಳು. ಜೋರಾಗಿ. ಇನ್ನೂ ಜೋರಾಗಿ. ಬೈಕುಗಳ ಸದ್ದು ಕೇಳಿತು, ಯಾರೋ ಚಪ್ಪಾಳೆ ತಟ್ಟಿದ್ದೂ ಕೇಳಿತು.

ಉಳಿದ ಆ ಒಂದು ಹಾಡಿಲ್ಲದೆಯೇ ಆಲ್ಬಮ್ ಬಂತು. ಬಂದದ್ದೇ ತಡ, ಊರಿಗೆ ಊರೇ ಅದನ್ನು ಗುನುಗಿತು. ತನ್ನ ಶ್ರುತಿ ತನಗೇ ಕೇಳದವಳು ವೇದಿಕೆ ಹತ್ತುವುದು ಹೇಗೆ? ಕರೆ ಬಂದಲ್ಲೆಲ್ಲ ಕಂಚು ಆಗುವುದಿಲ್ಲವೆಂದಳು. ಒಂದು ಬೆಳಿಗ್ಗೆ ಚಹಾದ ಅಂಗಡಿಯವನು ಅವಳನ್ನು ಗುರುತು ಹಿಡಿದು ರೇಡಿಯೋ ಜೋರು ಮಾಡಿದ.

"ಈಗ ಬರುತ್ತೆ ನೋಡಿ ಅಕ್ಕ, ಆ ಸಾಲು! ಅಬ್ಬಾ, ಎಂಥ ದನಿ!"

ಡ್ರಮ್ಮು ಬಡಿಯಿತು. ಗಿಟಾರು ಮಿಡಿಯಿತು. ಅಂಗಡಿಯವನು ಕಣ್ಣು ಮುಚ್ಚಿ ತಲೆದೂಗತೊಡಗಿದ. ಕಂಚು ಚಹಾದ ಲೋಟ ಹಿಡಿದು ಅವನ ಮುಖವನ್ನೇ ನೋಡುತ್ತ ಕಾದಳು. ಅವನು ಕಣ್ಣು ಬಿಟ್ಟಾಗ ಸಾಲು ಮುಗಿಯಿತೆಂದು ತಿಳಿದು, "ಹೌದು, ಚೆನ್ನಾಗಿದೆ" ಎಂದಳು.