ಗೂಬೆ ಕೂತ ಕಿಟಕಿ

“ಮಾತು ಕೊಟ್ಟಿದ್ರಿ ನೀವು!”

ಶಿಲ್ಪಿಯ ಕಾರ್ಯಾಗಾರದ ಬಾಗಿಲಲ್ಲೇ ನಿಂತು ಅವಳು ಕೂಗಿದಳು. 

ನಗರದ ಹಕ್ಕಿಗಳ ಸಮೀಕ್ಷೆ ಅವಳ ಕೆಲಸ. ಹಳೆಯ ಮುದ್ರಣಾಲಯದ ಮಹಡಿಯ ಕಿಟಕಿಯಲ್ಲಿ ಮರಿ ಮಾಡಿದ್ದ ಗೂಬೆಯನ್ನು ಅವಳು ತೋರಿಸಿದ್ದು ಇವನೊಬ್ಬನಿಗೇ. ನಮ್ಮ ನಡುವೆಯೇ ಇಂಥ ಜೀವಗಳಿವೆ ಎಂದು ಜನಕ್ಕೆ ತಿಳಿಯಲೆಂದು, ದೊಡ್ಡ ವೃತ್ತದಲ್ಲಿ ನಿಲ್ಲಿಸುವ ಕಬ್ಬಿಣದ ಗೂಬೆಯನ್ನು ಅವನು ಮಾಡುತ್ತಿದ್ದ. ಆರು ವಾರ, ಎದುರು ಕಟ್ಟಡದ ಮೆಟ್ಟಿಲ ಮೇಲೆ ಇಬ್ಬರೂ ಪಕ್ಕಪಕ್ಕ ಕೂತಿದ್ದರು. ಅವನು ಪೆನ್ಸಿಲ್ಲು ಹಿಡಿದು ಗೂಬೆಯನ್ನು ನೋಡುತ್ತಿದ್ದ. ಅವಳು ಅವನನ್ನು!

ಶಿಲ್ಪದ ಅನಾವರಣವಾಗಿ ಮೂರೇ ದಿನ. ಮುದ್ರಣಾಲಯದ ಮುಂದೆ ಜನವೋ ಜನ... ಟಾರ್ಚು, ಶಿಳ್ಳೆ, ಮೊಬೈಲು. ಇಂದು ಬೆಳಿಗ್ಗೆ ಒಂದು ಮರಿ ಕೆಳಗೆ ಬಿದ್ದು ಸತ್ತಿತ್ತು. ಉಳಿದೆರಡು ಮರಿಗಳೂ ಇಲ್ಲ, ತಾಯಿಯೂ ಇಲ್ಲ.

“ಯಾರಿಗೆ ಹೇಳಿದ್ರಿ?”

“ನಿಮ್ಮಾಣೆ, ಯಾರಿಗೂ ಹೇಳಿಲ್ಲ...”

“ಹಾಗಾದ್ರೆ ಗೂಬೆನೇ ವಿಳಾಸ ಕೊಡ್ತಾ?”

ಉತ್ತರಕ್ಕೆ ಕಾಯದೆ ಹೊರಟುಹೋದಳು.

ಮನೆಯಲ್ಲಿ ಅಕ್ಕ ತಲೆ ಸವರಿದಳು. “ಗೂಬೆಗೋಸ್ಕರ ಯಾರಾದ್ರೂ ಊಟ ಬಿಡ್ತಾರೇನೇ?”

“ಗೂಬೆಗೋಸ್ಕರ ಮಾತ್ರ ಅಲ್ಲ ಅಕ್ಕಾ...”

ಗೂಡಿನ ಕಾವಲು ಬಿಟ್ಟು ಅನಾವರಣಕ್ಕೂ ಹೋಗದಿದ್ದವಳು ಮರುದಿನ ವೃತ್ತಕ್ಕೆ ಬಂದಳು. ಶಿಲ್ಪದ ಮುಂದೆ ಒಬ್ಬ ಹೆಂಗಸು ಗಂಡನಿಗೆ ತೋರಿಸುತ್ತಿದ್ದಳು.

“ನೋಡ್ರೀ, ಮೂರನೇ ಕಂಬಿ ಬಾಗಿದೆ. ಹಳೇ ಪ್ರೆಸ್ಸಿನ ಕಿಟಕಿನೇ ಇದು!”

ಹೌದು, ಅದೇ ಬಾಗಿದ ಕಂಬಿ. ಗೂಬೆಯ ಜೊತೆ ಕಿಟಕಿಯನ್ನೂ ಅವನು ಇದ್ದಹಾಗೇ ಎರಕ ಹೊಯ್ದಿದ್ದ! ‘ಇದ್ದಹಾಗೇ ಮಾಡಿ, ಒಂದು ಗರಿನೂ ಸುಳ್ಳಾಗ್ಬಾರ್ದು’ ಎಂದು ಪಟ್ಟು ಹಿಡಿದವಳು... ತಾನೇ ಅಲ್ಲವೇ?

ಕಿಡಿ ಹಾರಿತು. ಶಿಲ್ಪದ ಆಚೆ ಬದಿಗೆ ಏಣಿಯ ಮೇಲೆ ನಿಂತು ಅವನು ಯಂತ್ರದಿಂದ ಆ ಕಂಬಿಗಳನ್ನು ಕತ್ತರಿಸತೊಡಗಿದ್ದ. ಅವಳನ್ನು ಕಂಡು ಕೆಳಗಿಳಿದ.

“ಬಾಯಿ ಬಿಡ್ಲಿಲ್ಲ, ನಿಜ. ಆದ್ರೆ ಊರಿಗೆಲ್ಲ ತೋರಿಸಿದವ್ನು ನಾನೇ.”

“ಸತ್ತ ಮರಿ ವಾಪಸ್ ಬರುತ್ತಾ?”

“ಬರಲ್ಲ.”

ಒಂದು ನೆಪವನ್ನೂ ಹೇಳಲಿಲ್ಲ ಅವನು. ಅವಳೂ ‘ನನ್ನದೂ ತಪ್ಪು’ ಎನ್ನಲಾರದೆ ತಿರುಗಿ ನಡೆದಳು. ಆ ಮಾತು ಗಂಟಲಲ್ಲೇ ಉಳಿದು ಹತ್ತು ದಿನ ಚುಚ್ಚಿತು.

ಹನ್ನೊಂದನೆಯ ದಿನ ಮತ್ತೆ ಅದೇ ಬಾಗಿಲು.

“ತಾಯಿ ಸಿಕ್ತು. ಎರಡು ಮರಿನೂ ಜೊತೇಲಿವೆ.”

ಅವನ ಕಣ್ಣು ತುಂಬಿತು. ಮರುಕ್ಷಣವೇ ಎರಡೂ ಕಿವಿ ಮುಚ್ಚಿಕೊಂಡ. “ಎಲ್ಲಿ ಅಂತ ಮಾತ್ರ ಹೇಳ್ಬೇಡಿ!”

“ಯಾಕೆ?”

“ನನ್ನ ಮೇಲೆ ನನಗೇ ನಂಬಿಕೆ ಇಲ್ಲ.”

“ನನಗಿದೆ... ಸ್ವಲ್ಪ. ಇದ್ದಹಾಗೇ ಮಾಡಿ ಅಂದವ್ಳು ನಾನೇ. ಅವತ್ತೇ ಹೇಳ್ಬೇಕಿತ್ತು.”

ಅವನು ಮೆಲ್ಲಗೆ ಕೈ ಇಳಿಸಿದ. “ನಾನೂ ಒಂದು ಮಾತು ಅವತ್ತೇ ಹೇಳ್ಬೇಕಿತ್ತು. ಆ ಮೆಟ್ಟಿಲಿಗೆ ನಾನು ದಿನಾ ಬರ್ತಿದ್ದಿದ್ದು ಗೂಬೆಗೋಸ್ಕರ ಅಲ್ಲ.”

ಅವಳ ಕೆನ್ನೆ ಬಿಸಿಯಾಯಿತು.

“ನಾಳೆ ಸಂಜೆ ಬನ್ನಿ, ತೋರಿಸ್ತೀನಿ. ಪೆನ್ಸಿಲ್ಲು ತರೋ ಹಾಗಿಲ್ಲ!”

“ಖಾಲಿ ಕೈಲಿ ಬಂದು ಏನು ಮಾಡ್ಲಿ?”

ಅವಳು ತನ್ನ ಕೈ ಚಾಚಿದಳು.

“ಇದನ್ನ ಹಿಡ್ಕೊಳ್ಳಿ.”