ಸೊಸೆಮ್ಮನ ಹಗೇವು

ಕಳೆ ಕಿತ್ತು ಹೊಲದಿಂದ ಮರಳುತ್ತಿದ್ದ ಹೆಂಗಸರು ಮೊದಲು ಕಂಡದ್ದು ಪಕ್ಕಕ್ಕೆ ಸರಿದಿದ್ದ ಚಪ್ಪಡಿ ಕಲ್ಲನ್ನು. ಆಮೇಲೆ ಹಗೇವಿನ ಬಾಯಿಯ ಸುತ್ತ ಚೆಲ್ಲಿದ್ದ ರಾಗಿಯನ್ನು. ಬಗ್ಗಿ ನೋಡಿದವಳು ಉಳಿದವರನ್ನು ಕೈಬೀಸಿ ಕರೆದಳು. ನೆಲದಡಿಯ ಆ ಕಣಜದಲ್ಲಿ, ರಾಗಿಯ ಮೇಲೆ, ಶಿವಗಂಗಮ್ಮ ಮಲಗಿದ ಹಾಗೆ ಬಿದ್ದಿದ್ದಳು. ಪಕ್ಕದಲ್ಲಿ ಅರ್ಧ ತುಂಬಿದ ಗೋಣಿಚೀಲ.

ಅವಳಿಗೆ ಇಪ್ಪತ್ತೆರಡು ವರ್ಷ. ಗಂಡ ಗಂಗಾಧರಯ್ಯ ಪಟಾಲಂ ಸೇರಿ ಬರ್ಮಾ ಕಡೆ ಹೋಗಿದ್ದ. ಮನೆಯಲ್ಲಿ ಅತ್ತೆ ರೇವಮ್ಮ ಒಬ್ಬಳೇ.

ಕತ್ತಲಾಗುವುದರೊಳಗೆ ಊರಿನಲ್ಲಿ ಮಾತು ಹುಟ್ಟಿತು. ಊರೆಲ್ಲ ಹೊಲದಲ್ಲಿದ್ದ ಹೊತ್ತು ನೋಡಿ ರಾಗಿ ಕದಿಯಲು ಇಳಿದಿದ್ದಾಳೆ, ಉಸಿರು ಕಟ್ಟಿ ಸತ್ತಿದ್ದಾಳೆ. ಯುದ್ಧದ ಕಾಲ. ರಾಗಿ ಬಂಗಾರವಾಗಿತ್ತು. ಊರಿನ ಅನ್ನ ಕದ್ದವಳಿಗೆ ಊರಿನ ರುದ್ರಭೂಮಿಯಲ್ಲಿ ಜಾಗವಿಲ್ಲ ಎಂದು ಹಿರಿಯರು ಹೇಳಿಬಿಟ್ಟರು.

* * *

ಮಾರನೆಯ ಬೆಳಿಗ್ಗೆ ಹೊಳೆನರಸೀಪುರದಿಂದ ಸಬ್ ಇನ್ಸ್‌ಪೆಕ್ಟರ್ ಗೌರೀಶಂಕರ ಸೈಕಲ್ಲಿನಲ್ಲಿ ಬಂದ. ಹಳೇಕೋಟೆ ದಾಟಿ ಬಸವನಕೊಪ್ಪಲಿಗೆ ಬರುವ ಹಾದಿಯೆಲ್ಲ ಕೆಸರು. ಹಿಂದೆ ಕಾನ್‌ಸ್ಟೇಬಲ್ ಚಿಕ್ಕಯ್ಯ ನಡೆದು ಬಂದ.

ಗೌರೀಶಂಕರ ನೇರ ಹಗೇವಿನ ಹತ್ತಿರ ಹೋದ. ಬೇವಿನ ಮರದ ಬುಡದಲ್ಲಿ ಕೂತಿದ್ದ ಮುದುಕ ಚೆಲುವಯ್ಯ ಕೈ ಅಡ್ಡ ಹಿಡಿದ.

“ಬೂಟು ಬುಟ್ಟು ಬನ್ನಿ ಸಾ. ರಾಗಿ ಚೆಲ್ಲೈತೆ.”

ಇನ್ಸ್‌ಪೆಕ್ಟರು ಬೂಟು ಬಿಚ್ಚಿ ಮರದ ಕೆಳಗೆ ಇಟ್ಟ. ಬರಿಗಾಲಿನಲ್ಲಿ ಹೋಗಿ ಬಗ್ಗಿ ನೋಡಿದ. ಬಾಯಿ ಕಿರಿದು, ಹೊಟ್ಟೆ ಅಗಲ. ಹೂತಿಟ್ಟ ಗಡಿಗೆಯ ಹಾಗೆ. ರಾಗಿಯ ಮೇಲೆ ಒಬ್ಬ ನಿಂತು ಕೈ ಎತ್ತಿದರೂ ಬಾಯಿಯ ಅಂಚು ಎಟುಕದು.

ಆ ಹಗೇವಿನ ಕಥೆಯನ್ನು ಚೆಲುವಯ್ಯನೇ ಹೇಳಿದ. ಪಾಳು ಬಿದ್ದಿದ್ದ ಗುಂಡಿ ಅದು. ಮದುವೆಯಾಗಿ ಬಂದ ಮೊದಲ ವರ್ಷವೇ ಶಿವಗಂಗಮ್ಮ ಅದಕ್ಕೆ ಇಳಿದು ಗೋಡೆಗೆ ಮಣ್ಣು ಮೆತ್ತಿದಳು, ಹುಲ್ಲು ಸುಟ್ಟು ಒಣಗಿಸಿದಳು. ಸುಗ್ಗಿಯಲ್ಲಿ ಮನೆಮನೆಗೆ ಮೊರ ಹಿಡಿದು ಹೋಗಿ ಒಂದೊಂದು ಮೊರ ರಾಗಿ ಕೇಳಿದಳು. ಭಿಕ್ಷದಮ್ಮ ಬಂದಳು ಎಂದು ಗಂಡಸರು ನಕ್ಕರು. ಮುಂದಿನ ಶ್ರಾವಣದಲ್ಲಿ ಮನೆಗಳಲ್ಲಿ ಕಾಳು ಮುಗಿದಾಗ ಅವಳು ಕಲ್ಲು ತೆಗೆಸಿದಳು. ಮೊದಲ ಮೊರವನ್ನು ನಕ್ಕವರ ಮನೆಗೇ ಕೊಟ್ಟಳು. ಅಂದಿನಿಂದ ಅದು ಸೊಸೆಮ್ಮನ ಹಗೇವು.

“ತೆಗೆದ ದಿನ ಒಳಗೆ ಕೆಟ್ಟ ಗಾಳಿ ಇರ್ತದೆ ಅಂತ ಯಾರ್ನೂ ಇಳಿಯಾಕೆ ಬುಡ್ತಿರ್ಲಿಲ್ಲ ಸಾ. ಮಾರ್ನೇ ದಿನ ದೀಪ ಇಳಿಬುಡೋಳು. ದೀಪ ಉರುದ್ರೆ ಮನ್ಸ ಇಳೀಬೋದು, ಆರಿದ್ರೆ ಇಲ್ಲ. ಪಟೇಲ್ರನ್ನೇ ಒಂದ್ಸಲ ಗದರಿಬುಟ್ಟಿದ್ಲು.” ಚೆಲುವಯ್ಯ ತಲೆ ತಗ್ಗಿಸಿದ. “ಅಂತೋಳು ಕದಿಯಾಕೆ ಇಳುದ್ಲು ಅಂತಾರೆ. ನಾನೂ ಅಂದೆ ಕಣ್ ಸಾ, ಎಲ್ರೂ ಅಂದ್ರು ಅಂತ.”

ಗೌರೀಶಂಕರ ಮತ್ತೊಮ್ಮೆ ಬಗ್ಗಿ ನೋಡಿದ.

“ಅವಳನ್ನ ಎತ್ತಿದಾಗ ಒಳಗೆ ಹಗ್ಗ ಇತ್ತಾ?”

“ಇರ್ಲಿಲ್ಲ. ನಮ್ ಹಗ್ಗ ಕಟ್ಟಿ ಎತ್ತುದ್ವು.”

“ಕದಿಯೋಕೆ ಇಳಿದವಳು ಹತ್ತೋಕೆ ಏನು ಇಟ್ಟುಕೊಂಡಿದ್ದಳು?”

ಮುದುಕ ತಾನೂ ಬಗ್ಗಿ ಒಳಗೆ ನೋಡಿದ.

* * *

ರೇವಮ್ಮ ಸೊಸೆಯನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದಳು. ಹಣೆಗೆ ವಿಭೂತಿ. ಅಳುವವರು ಯಾರೂ ಬಂದಿರಲಿಲ್ಲ. ಗೌರೀಶಂಕರ ಮೆಟ್ಟಿಲ ಕೆಳಗೇ ನಿಂತ.

“ನನ್ ಸೊಸೆಗೆ ಮೂರಡಿ ಮಣ್ಣು ಕೊಡಾಕಿಲ್ವಂತೆ,” ಎಂದಳು ರೇವಮ್ಮ. ದನಿಯಲ್ಲಿ ಅಳುವಿರಲಿಲ್ಲ. “ಅವಳು ಕಳ್ಳಿ ಅಲ್ಲ ಅಂತ ನಂಗೊತ್ತು. ಊರಿಗೂ ಗೊತ್ತಾಗ್ಬೇಕು. ಸಂಜೆವರ್ಗೂ ಕಾಯ್ತೀನಿ ಸ್ವಾಮಿ, ಅದಕ್ಕಿಂತ ಹೆಚ್ಚು ಹೊತ್ತು ಮಣ್ಣು ಮಾಡ್ದೆ ಇರಾಕಾಗಲ್ಲ.”

ಅವಳು ಸೆರಗು ಸರಿಸಿ ಸೊಸೆಯ ಎರಡು ಹೆಗಲನ್ನೂ ತೋರಿಸಿದಳು. ಎರಡರ ಮೇಲೂ ಕಪ್ಪುಗಟ್ಟಿದ ಗುರುತು, ಬಾಲಚಂದ್ರನ ಆಕಾರ. ಎತ್ತಿನ ಕಾಲಿಗೆ ಹೊಡೆಯುವ ಲಾಳದಂತೆ, ಆದರೆ ಚಿಕ್ಕದು. ಹಿಮ್ಮಡಿಗೆ ಲಾಳ ಹೊಡೆಸಿದ ಮೆಟ್ಟಿನ ಗುರುತು.

ಚಿಕ್ಕಯ್ಯ ಹಲ್ಲು ಕಡಿದ. “ತುಳಿದು ಸಾಯ್ಸವ್ನೆ ಸಾ. ಮೇಲೆ ಬರ್ದಂಗೆ ಒಳೀಕೆ ತುಳಿದವ್ನೆ.”

ಗೌರೀಶಂಕರನಿಗೂ ಹಾಗೇ ಅನಿಸಿತು. ರಾಗಿ ಕೊಳ್ಳುವ ಚನ್ನರಾಯಪಟ್ಟಣದ ವ್ಯಾಪಾರಿ ನಂಜಯ್ಯ ಹಿಂದಿನ ದಿನ ಊರಾಚೆಯ ತೋಪಿನಲ್ಲಿ ಗಾಡಿ ಬಿಟ್ಟಿದ್ದನೆಂದು ಸುದ್ದಿಯಿತ್ತು. ಇನ್ನೂ ಅಲ್ಲೇ ಇದ್ದ. ಅವನನ್ನು ಕರೆತಂದರು. ಕಾಲಿನಲ್ಲಿ ಲಾಳದ ಮೆಟ್ಟು ಇತ್ತು. ರಾಗಿ ಸಿಗುತ್ತದೆಂದು ಯಾರೋ ಹೇಳಿ ಕಳಿಸಿದ್ದರಂತೆ. ಯಾರೆಂದು ಗೊತ್ತಿಲ್ಲವಂತೆ.

ಇನ್ಸ್‌ಪೆಕ್ಟರು ಅವನಿಗೆ ಹಗೇವಿನ ಬಾಯಿಯಲ್ಲಿ ಕಾಲಿಳಿಸಲು ಹೇಳಿದ. ನಂಜಯ್ಯ ಹೊಟ್ಟೆಯವರೆಗೆ ಇಳಿದ, ಅಲ್ಲಿಗೆ ನಿಂತ. ಕೆಳಗೂ ಇಲ್ಲ, ಮೇಲೂ ಇಲ್ಲ.

“ಮೊದ್ಲೇ ಕೇಳ್ಬಾರ್ದಾ ಸಾ,” ಎಂದು ನಂಜಯ್ಯ ಬೇಡಿಕೊಂಡ. “ನಮ್ಮಪ್ಪನ ಕಾಲ್ದಿಂದ ನಾವು ಅಗೇವಿಗೆ ಇಳಿದೋರಲ್ಲ. ನಮ್ಮೈ ಇಳಿಯೋ ಮೈಯಲ್ಲ.”

ಇಬ್ಬರು ಹಿಡಿದು ಎಳೆದರು. ಚಿಕ್ಕಯ್ಯ ನಗು ತಡೆಯಲು ಬೇವಿನ ಮರದ ಕಡೆ ತಿರುಗಿಕೊಂಡ.

* * *

ಗಾಳಿಯಾಡಿದ ಹಗೇವಿಗೆ ದೀಪ ಇಳಿಬಿಟ್ಟು ಪರೀಕ್ಷಿಸಿ ಗೌರೀಶಂಕರ ತಾನೇ ಇಳಿದ. ಕತ್ತಲಲ್ಲಿ ರಾಗಿಯ ಮೇಲೆ ಕೈಯಾಡಿಸಿದ. ಬೆರಳಿಗೆ ಒಂದು ಹಣತೆ ಸಿಕ್ಕಿತು. ಇಳಿಬಿಡಲು ಅಂಚಿನ ಸುತ್ತ ದಾರ ಕಟ್ಟಿತ್ತು. ರಾಗಿಯಲ್ಲಿ ನೆಟ್ಟಗೆ ಕೂತಿದ್ದ ಅದರಲ್ಲಿ ಎಣ್ಣೆ ತುಂಬಿತ್ತು, ಬತ್ತಿಯ ತುದಿ ಮಾತ್ರ ಕಪ್ಪಾಗಿತ್ತು.

ಮೇಲೆ ಬಂದು ಅವನು ಅದನ್ನು ರೇವಮ್ಮನ ಜಗಲಿಗೆ ಒಯ್ದ. ರೇವಮ್ಮ ಅದನ್ನು ಗುರುತಿಸಿದಳು. ತಮ್ಮ ಗೂಡಿನ ದೀಪ. ಹೊಲಕ್ಕೆ ಬುತ್ತಿ ಒಯ್ಯಲು ಶಿವಗಂಗಮ್ಮ ನಡುಹಗಲಿನಲ್ಲಿ ಮನೆಗೆ ಬಂದಿದ್ದಳು. ಬುತ್ತಿ ಕಟ್ಟಿದ್ದು ಕಟ್ಟಿದ ಹಾಗೇ ಒಲೆಯ ಬಳಿ ಇತ್ತು.

“ಅಮ್ಮ, ಅವಳ ಬಳೆ?”

“ಒಂದೂ ಒಡೆದಿಲ್ಲ. ಎಲ್ಲಾ ಅಂಗೇ ಅವೆ.”

ಗೌರೀಶಂಕರ ಹಗೇವಿನ ಕಡೆ ತಿರುಗಿದ. ಊರ ಗಂಡಸರನ್ನೆಲ್ಲ ಹಗೇವಿನ ಹತ್ತಿರ ಕರೆಸು ಎಂದು ಚಿಕ್ಕಯ್ಯನಿಗೆ ಹೇಳಿದ.

* * *

ಎಲ್ಲರೂ ಬಂದರು. ಬೇವಿನ ಮರದ ಕೆಳಗೆ ಮೆಟ್ಟುಗಳು ರಾಶಿ ಬಿದ್ದವು. ಯಾರೂ ಹೇಳಲಿಲ್ಲ, ಯಾರೂ ಯೋಚಿಸಲಿಲ್ಲ. ಚೆಲ್ಲಿದ ರಾಗಿ ಕಂಡಲ್ಲಿ ಕಾಲು ತಾನೇ ಮೆಟ್ಟು ಬಿಡುತ್ತದೆ. ಚಿಕ್ಕಯ್ಯನೂ ಬರಿಗಾಲಿನಲ್ಲಿದ್ದ.

ಒಬ್ಬ ಮಾತ್ರ ಕಿರ್‍ಕಿರ್ ಎನ್ನಿಸುತ್ತ ಹಗೇವಿನ ಬಾಯಿಯ ತನಕ ಬಂದ. ಪಟೇಲರ ತಂಗಿಯ ಮಗ ಚಂದ್ರಯ್ಯ. ಸಣಕಲು ಆಳು. ಹಾಸನದ ಪೇಟೆಯಲ್ಲೇ ಬೆಳೆದು, ಅಂಗಡಿ ಮುಚ್ಚಿದ ಮೇಲೆ ಊರಿಗೆ ಬಂದು ಸೇರಿದವನು. ಶಿವಗಂಗಮ್ಮ ಕಳ್ಳಿ ಎಂದು ಮೊದಲು ಆಡಿದ ಬಾಯಿ ಅವನದು. ಹಿಂದಿನ ದಿನ ತಲೆನೋವೆಂದು ಮನೆಯಲ್ಲೇ ಮಲಗಿದ್ದನಂತೆ.

“ರಾಗಿ ಮೇಲೆ ನಿಂತಿದ್ದೀರಿ ಚಂದ್ರಯ್ಯನವರೇ,” ಎಂದ ಗೌರೀಶಂಕರ.

ಚಂದ್ರಯ್ಯ ಕಾಲ ಕೆಳಗೆ ನೋಡಿಕೊಂಡ. ಆಮೇಲೆ ಸುತ್ತಲಿನ ಬರಿಗಾಲುಗಳನ್ನು ನೋಡಿದ.

ಮೆಟ್ಟು ಬಿಚ್ಚಿಸಿ ಹಿಮ್ಮಡಿ ತಿರುಗಿಸಿದಾಗ ಲಾಳ ಹೊಳೆಯಿತು. ಅದರ ಸಂದಿಯಲ್ಲಿ ರಾಗಿಯ ಕಾಳು ಕಚ್ಚಿಕೊಂಡಿತ್ತು. ಚಿಕ್ಕಯ್ಯ ಅದನ್ನು ಜಗಲಿಗೆ ಒಯ್ದ. ಗುರುತಿಗೆ ಹಿಡಿದು ನೋಡಿದ ರೇವಮ್ಮ ಜಗಲಿಯಿಂದಲೇ ಹೌದೆಂದು ತಲೆಯಾಡಿಸಿದಳು.

“ಕೊಂದ್ಬುಟ್ನಾ,” ಎಂದು ಚೆಲುವಯ್ಯ ಕೋಲೆತ್ತಿದ.

“ಕೂತ್ಕೋ ಅಜ್ಜ,” ಎಂದ ಗೌರೀಶಂಕರ. “ಇವನು ತುಳಿದು ಕೊಲ್ಲಲಿಲ್ಲ. ತುಳಿಯುವವನ ಕಾಲನ್ನ ಹೆಂಗಸು ತಳ್ಳುತ್ತಾಳೆ, ಗೋಡೆಗೆ ಕೈ ಬಡಿಯುತ್ತೆ. ಗಾಜಿನ ಬಳೆ ಒಂದಾದರೂ ಒಡೆಯುತ್ತೆ. ಎರಡು ಹೆಗಲಿನ ಮೇಲೂ ಗುರುತು ಒಂದೇ ಸಮ. ನಿಲ್ಲು ಅಂತ ಅವಳೇ ಹೆಗಲು ಕೊಟ್ಟಿದ್ದಾಳೆ.”

ಗುಂಪು ಹತ್ತಿರ ಸರಿಯಿತು. ಅವನು ಹಣತೆಯನ್ನು ಅಂಗೈ ಮೇಲೆ ಇಟ್ಟುಕೊಂಡು, ನಡೆದದ್ದನ್ನು ನಿಧಾನವಾಗಿ ಬಿಡಿಸಿ ಹೇಳಿದ. ಚಂದ್ರಯ್ಯ ನಂಜಯ್ಯನಿಗೆ ಹೇಳಿ ಕಳಿಸಿ, ಊರು ಖಾಲಿಯಾದಾಗ ಕಲ್ಲು ಸರಿಸಿ, ಬೇವಿನ ಮರಕ್ಕೆ ಹಗ್ಗ ಕಟ್ಟಿ ಇಳಿದಿದ್ದಾನೆ. ತೆಗೆದ ಕೂಡಲೇ ಹಗೇವಿಗೆ ಇಳಿಯಬಾರದೆಂದು ಪೇಟೆಯಲ್ಲಿ ಬೆಳೆದವನಿಗೆ ತಿಳಿಯದು. ಚೀಲ ಅರ್ಧ ತುಂಬುವಷ್ಟರಲ್ಲಿ ಕೈಕಾಲು ಸೋತಿವೆ. ಬುತ್ತಿಗೆ ಬಂದ ಶಿವಗಂಗಮ್ಮ ನರಳುವುದನ್ನು ಕೇಳಿ ದೀಪ ತಂದು ಇಳಿಬಿಟ್ಟಿದ್ದಾಳೆ. ಎಣ್ಣೆ ತುಂಬಿದ್ದ ದೀಪ ಆರಿದೆ.

“ದೀಪ ಆರಿದ್ದನ್ನ ಕಣ್ಣಾರೆ ಕಂಡು ಇಳಿದಿದ್ದಾಳೆ. ಯಾತಕ್ಕೆ? ರಾಗಿಗಾದರೆ ನಾಳೆ ಇಳಿಯಬಹುದಿತ್ತು. ನಾಳೆವರೆಗೆ ಕಾಯಲಾಗದ್ದು ಒಳಗೆ ಇನ್ನೇನಿತ್ತು, ಇವನ ಉಸಿರು ಬಿಟ್ಟರೆ?”

ಚಂದ್ರಯ್ಯ ಕೈ ಮುಗಿದ.

“ನಾನು ಕೊಲ್ಲಲಿಲ್ಲ ಸಾ. ಅವಳೇ ಬಂದು ಹೆಗಲು ಕೊಟ್ಟಳು. ಮೊದಲು ನೀವು ಹತ್ತಿ ಅಣ್ಣ, ಆಮೇಲೆ ಹಗ್ಗ ಹಿಡಿದು ನನ್ನನ್ನ ಎಳಕೊಳ್ಳಿ ಅಂದಳು.”

“ಹಗ್ಗ ಎಲ್ಲಿ?”

ಅವನ ಕಣ್ಣು ಹುಲ್ಲಿನ ಬಣವೆಯ ಕಡೆ ಹೊರಳಿತು.

“ಎಳೆದುಕೊಂಡು ಹೋದೆ,” ಎಂದ ಗೌರೀಶಂಕರ. “ಅವಳು ಹತ್ತಿ ಬಂದರೆ ಹೇಳಿಬಿಡ್ತಾಳೆ ಅಂತ. ಕೊಂದದ್ದು ಆಗ.”

“ಹೇಳ್ತಿರಲಿಲ್ಲವೇನೋ,” ಎಂದ ಚಂದ್ರಯ್ಯ, ನೆಲ ನೋಡುತ್ತ. “ಅಣ್ಣ ಅಂದಿದ್ದಳು.”

ಹಗ್ಗ ಅವನ ಹುಲ್ಲಿನ ಬಣವೆಯಲ್ಲಿ ಸಿಕ್ಕಿತು. ಚಿಕ್ಕಯ್ಯ ಅದರಲ್ಲೇ ಅವನ ಕೈ ಕಟ್ಟಿದ.

* * *

ಹೊತ್ತು ಇಳಿಯುವ ಮುಂಚೆ ರೇವಮ್ಮನ ಜಗಲಿಯ ಮುಂದೆ ಊರೇ ನೆರೆದಿತ್ತು. ಜಾಗವಿಲ್ಲ ಎಂದ ಹಿರಿಯರೇ ರುದ್ರಭೂಮಿಯಲ್ಲಿ ಗುಂಡಿ ತೋಡಿಸಿ ಬಂದಿದ್ದರು. ಶಿವಗಂಗಮ್ಮನನ್ನು ಹೂವಿನ ವಿಮಾನದಲ್ಲಿ ಕೂರಿಸಿದರು. ಹೊರಲು ನಾ ಮುಂದು ತಾ ಮುಂದು ಎಂದು ನುಗ್ಗಿದರು.

ರೇವಮ್ಮ ಅಡ್ಡ ಬಂದು ನಿಂತಳು.

“ಹೆಗಲು ಕೊಡೋರು ಮೆಟ್ಟು ಬುಟ್ಟು ಬನ್ನಿ,” ಎಂದಳು.

ಎಲ್ಲರೂ ಕಾಲು ನೋಡಿಕೊಂಡರು. ಆಗಲೇ ಬಿಟ್ಟಿದ್ದರು.