ಸಾಲ್ಮನ್ ಹಿಡಿಯಲು ಹೋದವರು

ಫೋನಿನಲ್ಲಿ ಎರಡು ತಿಂಗಳು ಬಿಡುವಿಲ್ಲದೆ ಹರಟಿದ ಹುಡುಗ ಎದುರಿಗೆ ಬಂದ ಕೂಡಲೇ ಮೂಗನಾದರೆ ಯಾವ ಹುಡುಗಿಗೆ ತಾನೇ ತಲೆ ಕೆಡುವುದಿಲ್ಲ? ಸಂಯುಕ್ತಾಗೆ ಅಳು, ನಗು ಎರಡೂ ಒಟ್ಟಿಗೆ ಬರುವ ಹಾಗಾಗಿತ್ತು.

ಸುಮುಖ ಸಿಡ್ನಿಯಿಂದ, ಅವಳು ಮೆಲ್ಬರ್ನಿನಿಂದ ಡ್ರೈವ್ ಮಾಡಿಕೊಂಡು ನಡುವೆ ಸಿಗುವ ಬೆಮ್ ನದಿಗೆ ಬಂದಿದ್ದರು. 2006ರ ಈಸ್ಟರ್ ರಜೆ. ನದಿ ಸಮುದ್ರ ಸೇರುವ ಕಡೆ ಸಾಲ್ಮನ್ ಮೀನು ಆಗತಾನೇ ಬರತೊಡಗಿತ್ತು. ಮೊಬೈಲಿಗೆ ಸಿಗ್ನಲ್ ಇಲ್ಲ, ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಸಂಯುಕ್ತಾಳ ಜೊತೆಗೆ ಬಂದಿದ್ದ ವಿಜಯಾ ಆಂಟಿ, ಇಬ್ಬರೇ ಮಾತಾಡಿಕೊಳ್ಳಲಿ ಎಂದು, ಬಾಡಿಗೆಯ ಕ್ಯಾಬಿನ್ನಿನಲ್ಲಿ ಉಪ್ಪಿಟ್ಟು ಕೆದಕುತ್ತ ಬೇಕೆಂದೇ ತಡಮಾಡುತ್ತಿದ್ದರು.

ಜಾತಕ ಕೂಡಿತ್ತು. ಸೋಮವಾರ ಇಬ್ಬರೂ ಮೈಸೂರಿನ ತಂತಮ್ಮ ಮನೆಗೆ ಫೋನ್ ಮಾಡಿ ಹೂಂ ಅಥವಾ ಉಹೂಂ ಹೇಳಬೇಕು. ಅವಳ ಹೂಂ ಮನಸ್ಸಿನಲ್ಲಿ ಎಂದೋ ಆಗಿಹೋಗಿತ್ತು. ಅವನದು?

ಮೀನಿನ ತಂಟೆಗೆ ಹೋದದ್ದು ಅವಳದೇ ತಪ್ಪು. ಮೊದಲ ಫೋನಿನಲ್ಲಿ ಅವನು "ವೀಕೆಂಡ್ ಏನ್ಮಾಡ್ತೀರ?" ಎಂದಾಗ, ಬಟ್ಟೆ ಒಗೆದು ಮಲಗುತ್ತೇನೆ ಎನ್ನಲು ನಾಚಿಕೆಯಾಗಿ, ಆಫೀಸಿನ ಗೆಳತಿಯ ಹವ್ಯಾಸವನ್ನು ತನ್ನದೆಂದು ಹೇಳಿಬಿಟ್ಟಿದ್ದಳು. "ಸೀಸನ್ ಶುರುವಾದ ಕೂಡ್ಲೇ ಸಾಲ್ಮನ್ ಹಿಡಿಯೋಕೆ ಹೋಗ್ತೀನಿ."

"ಅಯ್ಯೋ, ನನಗೂ ಅದೇ ಹುಚ್ಚು ರೀ!" ಎಂದಿದ್ದ ಅವನು. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ತಿನ್ನದವಳು ಉಗುಳು ನುಂಗಿದ್ದಳು.

ಈಗ ಅವನು ಗಾಳ ಎಸೆದು ಕಂಬದ ಹಾಗೆ ನಿಂತಿದ್ದ. ಅವಳು ಓರೆಗಣ್ಣಿನಿಂದ ನೋಡಿದರೆ ಅವನೂ ಅವಳನ್ನೇ ನೋಡುತ್ತಿದ್ದ. ಥಟ್ಟನೆ ನದಿಯ ಕಡೆ ತಿರುಗಿದ. ಅವನ ಕಿವಿ ಕೆಂಪಾಗಿತ್ತು. ಇದು ಇಷ್ಟವೋ, ಬೇಸರವೋ?

"ಚಳಿ ಆಗ್ತಿದ್ಯಾ?" ಎಂದು ಕೇಳಿದಳು.

"ಇಲ್ಲ."

ಅಷ್ಟೇ. ಫೋಟೋದಲ್ಲಿದ್ದಷ್ಟು ನಾನು ಚೆನ್ನಾಗಿಲ್ಲವೇನೋ ಎಂದುಕೊಂಡಳು.

ಅಷ್ಟರಲ್ಲಿ ಗಾಳ ಜಗ್ಗಿತು. ಸುಮುಖ ಗಾಬರಿಯಿಂದ ದಾರ ಸುತ್ತಿದ. ಬೆಳ್ಳಗೆ ಹೊಳೆಯುವ ಮೀನೊಂದು ಮರಳಿನ ಮೇಲೆ ಬಂದು ಬಿದ್ದು ಪಟಪಟ ಒದ್ದಾಡಿತು. ಇಬ್ಬರೂ ಎರಡು ಹೆಜ್ಜೆ ಹಿಂದೆ ಹಾರಿದರು.

"ಕೊಕ್ಕೆ ತೆಗೀರಿ," ಎಂದ ಸುಮುಖ.

"ನಿಮ್ಮ ಗಾಳ, ನೀವೇ ತೆಗೀರಿ."

"ನಿಮಗೆ ಅಭ್ಯಾಸ ಅಲ್ವಾ?"

ಅವಳಿಗೆ ಇನ್ನು ತಡೆಯಲಾಗಲಿಲ್ಲ. "ನನಗೆ ಬರಲ್ಲ! ಹೇಳಿದ್ದೆಲ್ಲಾ ಸುಳ್ಳು! ಪಾಪ, ಸಾಯುತ್ತೆ ಅದು, ಏನಾದ್ರೂ ಮಾಡಿ!"

ಸುಮುಖ ಕಣ್ಣು ಪಿಳಿಪಿಳಿ ಬಿಟ್ಟ. ಮರುಕ್ಷಣ ಮಂಡಿಯೂರಿ ಕೂತು, ಹಲ್ಲು ಕಚ್ಚಿಕೊಂಡು ಕೊಕ್ಕೆ ಬಿಡಿಸಿದ. ಮೀನನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಶೂ ಸಮೇತ ನೀರಿಗಿಳಿದು ಬಿಟ್ಟುಬಂದ.

"ನಂದೂ ಸುಳ್ಳೇ. ಈ ಗಾಳ ಕೊಂಡು ಹದಿನೈದೇ ದಿನ ಆಯ್ತು ರೀ," ಎಂದ ಏದುಸಿರು ಬಿಡುತ್ತ. "ಸಿಡ್ನಿಲಿ ನಮ್ಮ ಚಾಟ್ಸ್‌ವುಡ್ ಆಫೀಸಲ್ಲಿ ಲಂಚ್ ಟೈಮಲ್ಲಿ ದಾರಕ್ಕೆ ಕೊಕ್ಕೆ ಗಂಟು ಹಾಕೋದು ಕಲಿತೆ. ಬಾಯಿ ಬಿಟ್ರೆ ಬಣ್ಣ ಬಯಲಾಗುತ್ತೆ ಅಂತ ಬೆಳಿಗ್ಗೆಯಿಂದ ಸುಮ್ನಿದ್ದೀನಿ."

"ನಾನು ಇಷ್ಟ ಆಗ್ಲಿಲ್ಲ ಅಂದ್ಕೊಂಡೆ."

"ಇಷ್ಟ ಆಗ್ದೇ ಇದ್ರೆ ಮೀನು ಮುಟ್ತಿದ್ನಾ? ನಮ್ಮಮ್ಮನಿಗೆ ಗೊತ್ತಾದ್ರೆ ಅಡುಗೆಮನೆಗೆ ಬಿಟ್ಕೊಳಲ್ಲ. ನಂದು ಹೂಂ, ಸಂಯುಕ್ತಾ. ಮೊದಲ ಫೋನಿಂದಾನೂ ಹೂಂ."

ಕೈ ಚಾಚಿದವನು ಏನೋ ನೆನಪಾಗಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಬೇಡ, ಬೇಡ. ಮೀನಿನ ವಾಸನೆ."

"ಇರ್ಲಿ, ಕೊಡಿ," ಎಂದು ಸಂಯುಕ್ತಾ ಅವನ ಒದ್ದೆ ಕೈಯನ್ನು ಎಳೆದು ಹಿಡಿದುಕೊಂಡಳು.